ಮೂಲದ ಪ್ರದರ್ಶನ, ನೆಲೆಯ ಪ್ರಶ್ನೆ: ಸಿದ್ದಿಯರು, ಜೇನುಕುರುಬರು ಮತ್ತು ಪಾರಂಪರಿಕ ಪ್ರವಾಸೋದ್ಯಮ

ಪರಂಪರೆ ಎಂಬ ಪದವು ಕಳೆದ ಕೆಲವು ದಶಕಗಳಲ್ಲಿ ಜಾನಪದ ಅಧ್ಯಯನದ ಪರಿಭಾಷೆಯಿಂದ ಹೊರಟು ಪ್ರವಾಸೋದ್ಯಮದ ಪರಿಭಾಷೆಯೊಳಗೆ ನೆಲೆಗೊಂಡಿದೆ. ಈ ಪಯಣದಲ್ಲಿ ಪದದ ಅರ್ಥವೂ ಬದಲಾಗಿದೆ. ಒಂದು ಸಮುದಾಯವು ಬದುಕಿನ ಒತ್ತಡಗಳ ನಡುವೆ ತಲೆಮಾರಿನಿಂದ ತಲೆಮಾರಿಗೆ ದಾಟಿಸಿಕೊಂಡು ಬಂದ ಆಚರಣೆ, ನಂಬಿಕೆ, ಕೌಶಲಗಳನ್ನು ಸೂಚಿಸುತ್ತಿದ್ದ ಪದವು ಈಗ ಪ್ರೇಕ್ಷಕರ ಮುಂದೆ ನಿಗದಿತ ಅವಧಿಯಲ್ಲಿ ಇರಿಸಬಹುದಾದ ವಸ್ತುವನ್ನು ಸೂಚಿಸತೊಡಗಿದೆ. ಪ್ರಸ್ತುತ ಲೇಖನವು ಈ ಸ್ಥಿತ್ಯಂತರವನ್ನು ಕರ್ನಾಟಕದ ಆಫ್ರಿಕನ್ ಮೂಲದ ಸಮುದಾಯವಾದ ಸಿದ್ದಿಯರ ಸಂದರ್ಭದಲ್ಲಿ ಪರಿಶೀಲಿಸುತ್ತದೆ. ಹೋಲಿಕೆಗಾಗಿ ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಅನುಭವವನ್ನು ಪಕ್ಕದಲ್ಲಿ ಇಟ್ಟುಕೊಳ್ಳಲಾಗಿದೆ.

ಮುನ್ನೂರು ನಾನೂರು ಕಿಲೋಮೀಟರ್ ಅಂತರದ ಎರಡು ಕಾಡುಗಳನ್ನು ಒಟ್ಟಿಗೆ ಓದುವುದಕ್ಕೆ ಕಾರಣವಿದೆ. ಮೈಸೂರು ದಸರೆಯ ಜಂಬೂಸವಾರಿಯಲ್ಲಿ ಈ ಎರಡೂ ಕಾಡುಗಳ ಜನ ಒಂದೇ ಬೀದಿಯಲ್ಲಿ ಸಾಗುತ್ತಾರೆ. ಕಲಾತಂಡಗಳ ಸಾಲಿನಲ್ಲಿ ಉತ್ತರ ಕನ್ನಡದ ಸಿದ್ದಿಯರ ಧಮಾಮಿ ನೃತ್ಯವಿರುತ್ತದೆ. ಆನೆಗಳ ಮೇಲೆ ಮಾವುತ, ಕಾವಾಡಿಗಳಾಗಿ ನಾಗರಹೊಳೆ ಸುತ್ತಲಿನ ಜೇನುಕುರುಬರು, ಬೆಟ್ಟಕುರುಬರು ಇರುತ್ತಾರೆ. ಮೊದಲನೆಯವರನ್ನು ಆಫ್ರಿಕಾದಿಂದ ಬಂದವರು ಎಂದೂ ಎರಡನೆಯವರನ್ನು ಕಾಡಿನ ಮೂಲನಿವಾಸಿಗಳು ಎಂದೂ ಪರಿಚಯಿಸುವುದು ವಾಡಿಕೆ. ಒಬ್ಬರು ದೂರದಿಂದ ಬಂದವರು, ಇನ್ನೊಬ್ಬರು ಎಲ್ಲಿಂದಲೂ ಬಾರದವರು. ವಿರುದ್ಧವೆಂದು ತೋರುವ ಈ ಎರಡು ಪರಿಚಯಗಳ ತರ್ಕ ಮಾತ್ರ ಒಂದೇ: ಇಬ್ಬರನ್ನೂ ಅವರ ಮೂಲದಿಂದ ಗುರುತಿಸಲಾಗುತ್ತದೆ. ಅವರು ಈಗ ಎಲ್ಲಿದ್ದಾರೆ, ಆ ನೆಲದ ಮೇಲೆ ಅವರಿಗೆ ಯಾವ ಹಕ್ಕಿದೆ ಎಂಬ ಸಂಗತಿಗಳು ಪರಿಚಯದ ಹೊರಗೇ ಉಳಿಯುತ್ತವೆ. ಮೂಲವನ್ನು ಪ್ರದರ್ಶಿಸಿದಷ್ಟೂ ನೆಲೆಯ ಪ್ರಶ್ನೆ ಹಿಂದೆ ಸರಿಯುತ್ತದೆ ಎಂಬುದು ಈ ಲೇಖನದ ವಾದ.

ಹಬಶಿ ಅಮೀರ, ಗೋವೆಯ ಗುಲಾಮ

ಕರ್ನಾಟಕದ ಸಿದ್ದಿಯರು ಮುಖ್ಯವಾಗಿ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಜೋಯಿಡಾ, ಶಿರಸಿ ತಾಲ್ಲೂಕುಗಳಲ್ಲಿಯೂ ಧಾರವಾಡದ ಕಲಘಟಗಿ, ಬೆಳಗಾವಿಯ ಖಾನಾಪುರ ತಾಲ್ಲೂಕುಗಳಲ್ಲಿಯೂ ನೆಲೆಸಿದ್ದಾರೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂರೂ ಧರ್ಮದವರಿದ್ದಾರೆ. ಮನೆಯೊಳಗೆ ಕೊಂಕಣಿಯ ಒಂದು ರೂಪ, ಹೊರಗೆ ಕನ್ನಡ, ನೆರೆಯನ್ನವಲಂಬಿಸಿ ಮರಾಠಿ ಅಥವಾ ಉರ್ದು. ಪೋರ್ಚುಗೀಸರು ಪೂರ್ವ ಆಫ್ರಿಕಾದ ತಮ್ಮ ನೆಲೆಗಳಿಂದ ಗೋವೆಗೆ ತಂದ ಗುಲಾಮರಲ್ಲಿ ಅನೇಕರು ಘಟ್ಟದ ಕಾಡುಗಳಿಗೆ ತಪ್ಪಿಸಿಕೊಂಡು ಬಂದರೆಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ವಿವರಣೆ. ಅರಬ್ ವ್ಯಾಪಾರಿಗಳ ಮೂಲಕ ಬಂದವರೂ ದಖ್ಖನಿನ ಸುಲ್ತಾನರ ಸೇನೆಗಳಲ್ಲಿದ್ದವರೂ ಈ ಜನಸಮೂಹದಲ್ಲಿ ಸೇರಿಹೋಗಿದ್ದಾರೆ. ಬ್ರಿಟಿಷ್ ಭಾರತದಲ್ಲಿ 1843ರ ಕಾಯಿದೆಯು ಗುಲಾಮಗಿರಿಗೆ ಇದ್ದ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತು. ಪೋರ್ಚುಗೀಸ್ ಸಾಮ್ರಾಜ್ಯದಲ್ಲಿ ಅದು ನಿಂತದ್ದು 1869ರಲ್ಲಿ. ಗಡಿಯ ಈಚೆಗೆ ಬರುವುದಕ್ಕೆ ಈ ಕಾಲಾಂತರವೂ ಒಂದು ಕಾರಣವಾಗಿದ್ದಿರಬೇಕು.

ಇದೇ ನಾಡಿನಲ್ಲಿ ಆಫ್ರಿಕನ್ನರ ಇನ್ನೊಂದು ಇತಿಹಾಸವೂ ಇದೆ. ವಿಜಾಪುರದ ಆದಿಲ್‌ಶಾಹಿಯಲ್ಲಿ ಇಖ್ಲಾಸ್ ಖಾನನಂಥ ಹಬಶಿ ಅಮಾತ್ಯರು ರಾಜ್ಯವನ್ನೇ ನಡೆಸಿದರು. ಅಹಮದ್‌ನಗರದ ಮಲಿಕ್ ಅಂಬರ್ ಗುಲಾಮನಾಗಿ ಬಂದು ದಖ್ಖನಿನ ರಾಜಕಾರಣವನ್ನು ತಿರುಗಿಸಿದ. ಬೀದರಿನ ಹಬಶಿಕೋಟೆಯ ಗುಡ್ಡದ ಮೇಲೆ ಹಬಶಿ ಸರದಾರರ ಗೋರಿಗಳಿವೆ. ಪ್ರವಾಸಿ ನಕ್ಷೆಯಲ್ಲಿ ವಿಜಯಪುರ, ಬೀದರುಗಳಿಗೆ ಗೌರವದ ಸ್ಥಾನವಿದೆ. ಅವುಗಳನ್ನು ಆಳಿದ, ಕಾದ, ಕಟ್ಟಿದ ಜನರಲ್ಲಿ ಆಫ್ರಿಕನ್ನರಿದ್ದರೆಂಬ ಮಾತು ಅಲ್ಲಿನ ಮಾರ್ಗದರ್ಶಿಗಳ ಬಾಯಲ್ಲಿ ಅಪರೂಪ. ಹಳೆಯ ಗೋವೆಯ ಚರ್ಚುಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 1580ರ ದಶಕದಲ್ಲಿ ಗೋವೆಯಲ್ಲಿದ್ದ ಡಚ್ಚ ಲಿನ್‌ಸ್ಕೋಟೆನ್ ಅದೇ ನಗರದ ದೊಡ್ಡ ಬೀದಿಯ ಸಂತೆಯಲ್ಲಿ ಗುಲಾಮರೂ ಮಾರಾಟಕ್ಕಿದ್ದರೆಂದು ದಾಖಲಿಸಿದ್ದಾನೆ. ಚರ್ಚುಗಳ ಚೆಲುವನ್ನು ವರ್ಣಿಸುವ ಪಾರಂಪರಿಕ ಕಥನದಲ್ಲಿ ಆ ಸಂತೆಗೆ ಅಂಚಿನ ಜಾಗವೂ ದೊರೆತಿಲ್ಲ.

ಅಂದರೆ ಕಲ್ಲಿನಲ್ಲಿ ಉಳಿದ ಪರಂಪರೆಯಿಂದ ಆಫ್ರಿಕನ್ನರ ಹೆಸರು ಅಳಿದಿದೆ. ಆಫ್ರಿಕಾವನ್ನು ತೋರಿಸುವ ಹೊಣೆ ಜೀವಂತ ದೇಹಗಳ ಮೇಲೆ, ಅದರಲ್ಲಿಯೂ ಯಲ್ಲಾಪುರ ಹಳಿಯಾಳಗಳ ಕೂಲಿಕಾರರ ದೇಹಗಳ ಮೇಲೆ ಬಿದ್ದಿದೆ. ಅಟ್ಲಾಂಟಿಕ್ ತೀರದಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. ಘಾನಾದ ಎಲ್ಮಿನಾ ಕೋಟೆಯನ್ನು ಪೋರ್ಚುಗೀಸರು 1482ರಲ್ಲಿ ಕಟ್ಟಿದರು; 1637ರಲ್ಲಿ ಅದು ಡಚ್ಚರ ಕೈಸೇರಿತು, 1872ರಲ್ಲಿ ಬ್ರಿಟಿಷರ ಪಾಲಾಯಿತು. ಅದೂ ಸೆನೆಗಾಲಿನ ಗೊರೆ ದ್ವೀಪವೂ 1970ರ ದಶಕದ ಕೊನೆಯಲ್ಲಿ ವಿಶ್ವ ಪರಂಪರೆಯ ತಾಣಗಳಾದವು. ಅಮೆರಿಕದ ಕರಿಯರು ಅಲ್ಲಿಗೆ ತೀರ್ಥಯಾತ್ರೆಗೆ ಹೋಗುವಂತೆ ಹೋಗುತ್ತಾರೆ. ಘಾನಾ ಸರ್ಕಾರವು 2019ನ್ನು ಮರಳಿ ಬರುವ ವರ್ಷವೆಂದೇ ಆಚರಿಸಿತು. ಅಲ್ಲಿ ಕಲ್ಲು ಸಾಕ್ಷಿ ನುಡಿಯುತ್ತದೆ, ದೇಹ ಆಲಿಸುತ್ತದೆ. ಅಲ್ಲಿಯೂ ತಕರಾರುಗಳಿಲ್ಲದಿಲ್ಲ: ಹೊರಗಿನಿಂದ ಬಂದವರಿಗೆ ಕೋಟೆಯ ನೆಲಮಾಳಿಗೆಯೊಂದೇ ಕಾಣುತ್ತದೆ, ಊರಿನವರಿಗೆ ಕೋಟೆಯ ಐದು ಶತಮಾನವೂ ತಮ್ಮದೇ, ದುರಸ್ತಿಯ ಸುಣ್ಣ ಬಳಿಯುವುದೂ ಗಾಯವನ್ನು ಮುಚ್ಚಿದಂತೆ ಎಂದು ಯಾತ್ರಿಕರು ದೂರಿದ್ದಿದೆ. ಆದರೂ ನೋಡುವವರು ಅಲ್ಲಿ ತಮ್ಮದೇ ಕಥೆಯನ್ನು ನೋಡುತ್ತಾರೆ. ನಮ್ಮಲ್ಲಿ ಡಯಾಸ್ಪೊರಾ ಎಂಬುದು ನೋಡುವ ಕಣ್ಣಾಗಿಲ್ಲ, ನೋಟದ ವಸ್ತುವಾಗಿದೆ.

ದಮಾಮ ಬಾರಿಸುವ ಮೊದಲು

ಸಿದ್ದಿಯರ ಆಫ್ರಿಕನ್‌ತನವನ್ನು ಆಧುನಿಕ ಪ್ರಭುತ್ವ ಹೇಗೆ ಕಂಡಿತೆಂಬುದಕ್ಕೆ ಒಂದು ನಿದರ್ಶನ ಸಾಕು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಯೋಜನೆಯಡಿ ಸಿದ್ದಿ ಮಕ್ಕಳನ್ನು ಓಟ, ಜಿಗಿತಗಳ ತರಬೇತಿಗೆ ಆಯ್ಕೆ ಮಾಡಿತು. ಆಫ್ರಿಕನ್ ಮೂಲದವರಾದ್ದರಿಂದ ಓಟ ಅವರ ರಕ್ತದಲ್ಲಿಯೇ ಇರಬೇಕೆಂಬುದು ಅದರ ಹಿಂದಿನ ಗ್ರಹಿಕೆ. ಕೆಲವರು ಪದಕಗಳನ್ನು ಗೆದ್ದರು. 1990ರ ದಶಕದ ಆರಂಭದಲ್ಲಿ ಯೋಜನೆ ನಿಂತಿತು. ಮಕ್ಕಳು ಅಡಿಕೆ ತೋಟಗಳ ಕೂಲಿಗೆ ಮರಳಿದರು. 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಸಂಪುಟಗಳಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಮೂಗು, ತಲೆಗಳ ಅಳತೆಯ ಪಟ್ಟಿಗಳಿವೆ. ಆ ಅಳತೆಪಟ್ಟಿ ಸ್ವತಂತ್ರ ಭಾರತದ ಕ್ರೀಡಾಂಗಣದಲ್ಲಿ ಗಡಿಯಾರವಾಗಿ ಬದಲಾಯಿತು, ಅಷ್ಟೆ. 2011ರಲ್ಲಿ ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳು ಸಿದ್ದಿಯರ ವಂಶವಾಹಿಗಳಲ್ಲಿ ಬಾಂಟು ಜನರೊಡನೆ ಇರುವ ನಂಟನ್ನು ಗುರುತಿಸಿದರು. ವಿಜ್ಞಾನವಾಗಿ ಅದು ಬೆಲೆಯುಳ್ಳ ಕೆಲಸ. ಆದರೆ ಸಿದ್ದಿಯರು ಕೇಳದೆ ಇದ್ದ ಪ್ರಶ್ನೆಗೆ ಅದು ಉತ್ತರ.

ಧಮಾಮಿಯ ರಂಗರೂಪವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ದಮಾಮ ಎಂಬುದು ಎರಡೂ ಬದಿಗೆ ಚರ್ಮ ಹೊದಿಸಿದ ಉದ್ದನೆಯ ಮರದ ವಾದ್ಯ. ಹಬ್ಬ, ಮದುವೆ, ಕೊಯಿಲಿನ ನಂತರದ ಬಿಡುವು ಅದರ ಸಹಜ ಸಂದರ್ಭಗಳು. ಬಾರಿಸುವ ಮುನ್ನ ಅದಕ್ಕೆ ಪೂಜೆ ಸಲ್ಲುತ್ತದೆ, ದೇವರನ್ನೂ ಹಿರಿಯರನ್ನೂ ನೆನೆಯಲಾಗುತ್ತದೆ. ಹಾಡುಗಳು ಕೊಂಕಣಿ, ಕನ್ನಡ, ಮರಾಠಿಗಳ ಬೆರಕೆಯಲ್ಲಿರುತ್ತವೆ. ಮನೆಯಂಗಳದಲ್ಲಿ ಅದು ರಾತ್ರಿಯೆಲ್ಲ ನಡೆಯುವಂಥದು. ಯಾರು ಕುಣಿಯುತ್ತಾರೆ, ಯಾರು ನೋಡುತ್ತಾರೆ ಎಂಬ ಗೆರೆಯೇ ಅಲ್ಲಿಲ್ಲ. ಇದೇ ಧಮಾಮಿ ಉತ್ಸವದ ವೇದಿಕೆಗೆ ಅಥವಾ ದಾಂಡೇಲಿ ಕಡೆಯ ವಿಹಾರಧಾಮಗಳ ಬೆಂಕಿಯ ಸುತ್ತಲಿಗೆ ಬಂದಾಗ ಹತ್ತು ಹದಿನೈದು ನಿಮಿಷಗಳ ನೃತ್ಯವಾಗುತ್ತದೆ. ಸೊಪ್ಪಿನ ಉಡುಗೆ ಬರುತ್ತದೆ, ಮುಖದ ಮೇಲೆ ಬಿಳಿಯ ಗೆರೆಗಳು ಬರುತ್ತವೆ. ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಗದ್ದೆಯಲ್ಲಿ ದುಡಿಯುವ ಸಿದ್ದಿ ಹೆಂಗಸು ಇಂಥ ಉಡುಗೆಯನ್ನು ಊರಿನಲ್ಲಿ ಎಂದೂ ತೊಡುವುದಿಲ್ಲ. ಇದು ಆಫ್ರಿಕಾದಿಂದ ಉಳಿದುಬಂದ ವೇಷವಲ್ಲ; ಚಲನಚಿತ್ರಗಳ ಮೂಲಕ, ವಸಾಹತುಕಾಲದ ಚಿತ್ರಗಳ ಮೂಲಕ ನಮ್ಮ ತಲೆಯಲ್ಲಿ ಕುಳಿತ ಆಫ್ರಿಕಾದ ವೇಷ. ಹಾಡಿನ ಕೊಂಕಣಿಯನ್ನು ಕೇಳಿ ಬೆರಗಾಗುವ ಪ್ರೇಕ್ಷಕ ಅಪರೂಪ. ಕೊಂಕಣಿಯೇ ಇಲ್ಲಿನ ನಿಜವಾದ ಚಾರಿತ್ರಿಕ ದಾಖಲೆ: ಗೋವೆಯಿಂದ ಘಟ್ಟದವರೆಗಿನ ದಾರಿ ಆ ಮಾತಿನಲ್ಲಿ ಉಳಿದಿದೆ.

ವೇಷ ಕಟ್ಟುವವರನ್ನು ದೂರುವುದು ನನ್ನ ಉದ್ದೇಶವಲ್ಲ. ಒಂದು ತಂಡಕ್ಕೆ ಸಂಭಾವನೆ ದೊರೆಯುವುದು ಸಂಘಟಕರ ನಿರೀಕ್ಷೆಗೆ ಹೊಂದಿಕೊಂಡಾಗ. ಸಿದ್ದಿ ಯುವಕರಿಗೆ ಇದು ತಿಳಿದಿದೆ. ತಮ್ಮೊಳಗೆ ಅವರು ಇದರ ಬಗ್ಗೆ ನಗುವುದೂ ಉಂಟು. ಮೈಸೂರಿನಲ್ಲಿ, ಹಂಪಿಯಲ್ಲಿ, ಕೃಷ್ಣರಾಜನಗರದ ಚುಂಚನಕಟ್ಟೆಯ ಜಲಪಾತೋತ್ಸವದಂಥ ಸಣ್ಣ ವೇದಿಕೆಗಳಲ್ಲಿ ಜಾನಪದ ತಂಡಗಳಿಗೆ ಒದಗುವ ಚೌಕಟ್ಟು ಒಂದೇ ಬಗೆಯದು: ಬಣ್ಣ, ಸದ್ದು, ವೇಗ. ಈ ಚೌಕಟ್ಟನ್ನು ರೂಪಿಸುವಲ್ಲಿ ಜಾನಪದ ವಿದ್ವತ್ತಿನ ಪಾಲು ಕಡಿಮೆಯೇನಲ್ಲ. ಆಚರಣೆಯನ್ನು ಕಲೆಯೆಂದು, ಕಲೆಯನ್ನು ಪ್ರಕಾರವೆಂದು ವಿಂಗಡಿಸಿಕೊಟ್ಟದ್ದು ನಮ್ಮ ಶಿಸ್ತು.

ಸಿದ್ದಿ ಹೆಂಗಸರ ಕವಂದಿಯ ಪ್ರಸಂಗ ಇನ್ನೂ ಸೂಕ್ಷ್ಮವಾದದ್ದು. ಹಳೆಯ ಬಟ್ಟೆಗಳ ತುಂಡುಗಳನ್ನು ಅಂಚಿನಿಂದ ಒಳಗೆ ಸುತ್ತುಸುತ್ತಾಗಿ ಜೋಡಿಸುತ್ತ ಹೊಲಿಯುವ ಈ ಹೊದಿಕೆಗೆ ಕೊನೆಯಲ್ಲಿ ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂಗಳನ್ನು ಇಡಬೇಕು. ಹೂವಿಲ್ಲದ ಕವಂದಿ ಬತ್ತಲೆ ಎಂಬ ಭಾವನೆಯಿದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಈ ಹೊದಿಕೆಗಳನ್ನು ಅಧ್ಯಯನ ಮಾಡಿ ಅಮೆರಿಕದ ಪ್ರದರ್ಶನಗಳಿಗೂ ಒಯ್ದರು. ಆ ಮೂಲಕ ಹೆಂಗಸರಿಗೆ ಆದಾಯವೂ ಆತ್ಮಗೌರವವೂ ದೊರೆತದ್ದು ಸಣ್ಣ ಮಾತಲ್ಲ. ಆದರೆ ಇಂಥ ಹೊದಿಕೆಯನ್ನು ಕಂಡಕೂಡಲೇ ಅದನ್ನು ಆಫ್ರಿಕನ್ ಡಯಾಸ್ಪೊರಾದ ಕಲೆಯೆಂದು ಕರೆದು ಅಮೆರಿಕದ ಕರಿಯ ಹೆಂಗಸರ ಹೊದಿಕೆಗಳ ಪಕ್ಕದಲ್ಲಿಟ್ಟು ಓದುವ ಒಲವು ಬಲವಾಗಿದೆ. ಉತ್ತರ ಕರ್ನಾಟಕದಲ್ಲಿ ಕೌದಿ ಹೊಲಿಯದ ಊರಿಲ್ಲ. ಸಿದ್ದಿ ಕವಂದಿಯನ್ನು ಮೊದಲು ಓದಬೇಕಾದದ್ದು ನೆರೆಯ ಕೌದಿಯ ಪಕ್ಕದಲ್ಲಿ. ಎರಡೂ ಬಡತನದ ಹೊಲಿಗೆಗಳು. ಉಟ್ಟು ಹರಿದ ಸೀರೆ, ಅಂಗಿಗಳ ನೆನಪು ಎರಡರಲ್ಲಿಯೂ ಇದೆ. ವ್ಯತ್ಯಾಸ ಇರುವುದು ವಿನ್ಯಾಸದ ದಿಟ್ಟತನದಲ್ಲಿ, ಬಣ್ಣಗಳ ಅಸಮತೋಲದಲ್ಲಿ ಹುಟ್ಟುವ ಲಯದಲ್ಲಿ. ಅದು ಮೊಜಾಂಬಿಕ್ಕಿನಿಂದ ಬಂದಿತೋ ಯಲ್ಲಾಪುರದ ಮಳೆಗಾಲದ ಬಿಡುವಿನಲ್ಲಿ ಹುಟ್ಟಿತೋ ಎಂದು ತೀರ್ಮಾನಿಸುವ ಆತುರ ಏಕೆ? ಹುಟ್ಟಿಸುವ ಶಕ್ತಿಯನ್ನು ಸಿದ್ದಿ ಹೆಂಗಸಿಗೆ ಕೊಡದೆ, ನೆನಪಿಡುವ ಶಕ್ತಿಯನ್ನಷ್ಟೆ ಕೊಡುವ ವಿಮರ್ಶೆ ಅರೆಮನಸ್ಸಿನದು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಕನ್ನಡದಲ್ಲಿದೆ. 1980ರ ದಶಕದಲ್ಲಿ ನೀನಾಸಂ ಬಳಗವು ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಸಿದ್ದಿಯರೊಡನೆ ರಂಗಶಿಬಿರ ನಡೆಸಿ, ಚಿನುವಾ ಅಚಿಬೆಯ ಕಾದಂಬರಿಯನ್ನು ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’ ನಾಟಕವನ್ನು ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಅವರಿಂದ ಆಡಿಸಿತು. ಮೇಲ್ನೋಟಕ್ಕೆ ಇದೂ ಮೂಲದ ತರ್ಕವೇ. ಪಶ್ಚಿಮ ಆಫ್ರಿಕಾದ ಇಗ್ಬೊ ಜನರ ಕಥೆಗೂ ಪೂರ್ವ ಆಫ್ರಿಕಾದಿಂದ ಬಂದವರ ಸಂತತಿಗೂ ಸಂಬಂಧ ಕಲ್ಪಿಸಿದ್ದು ಚರ್ಮದ ಬಣ್ಣ. ಆದರೂ ಈ ಪ್ರಯೋಗವನ್ನು ಸೊಪ್ಪಿನ ಉಡುಗೆಯ ಜೊತೆ ಸಮೀಕರಿಸಲಾಗದು. ನಾಟಕದಲ್ಲಿ ಸಿದ್ದಿಯರಿಗೆ ಮಾತು ದೊರೆಯಿತು, ಅದೂ ಕನ್ನಡದ ಮಾತು. ಬಿಳಿಯ ಆಡಳಿತ ಒಂದು ಊರನ್ನು ಒಡೆಯುವ ಕಥೆಯನ್ನು ಹೇಳುವಾಗ ನಟರು ತಮ್ಮ ಸುತ್ತಲಿನ ಅರಣ್ಯ ಇಲಾಖೆಯನ್ನೋ ಭೂಮಾಲೀಕರನ್ನೋ ಮನಸ್ಸಿನಲ್ಲಿ ಇಟ್ಟುಕೊಂಡಿರಲು ಅವಕಾಶವಿತ್ತು. ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಮೊದಲಾದವರು ನೀನಾಸಂನಲ್ಲಿ ಕಲಿತು ಕನ್ನಡ ರಂಗಭೂಮಿ, ಚಲನಚಿತ್ರಗಳಲ್ಲಿ ಹೆಸರು ಮಾಡಿದ್ದು ಈ ನಂಟಿನ ಮುಂದುವರಿಕೆ. ಕುಣಿತದವರಾಗಿ ಅಲ್ಲದೆ ನಟರಾಗಿ, ಗಾಯಕರಾಗಿ, ನಿರ್ದೇಶಕರಾಗಿ ಕಾಣಿಸಿಕೊಂಡಾಗ ಸಿದ್ದಿ ಎಂಬ ಅಡ್ಡಹೆಸರು ವಂಶದ ಗುರುತಿನಿಂದ ಕಸುಬಿನ ಗುರುತಿಗೆ ದಾಟಿತು.

ಕಾಕನಕೋಟೆಯ ಖೆಡ್ಡಾ ಮತ್ತು ಕಾಡಂಚಿನ ವಸತಿಗೃಹ

ಮೈಸೂರಿನ ಪಶ್ಚಿಮದ ಕಾಡುಗಳಲ್ಲಿ ಗುಲಾಮರ ಹಡಗು ಬಂದಿಲ್ಲ. ಆದರೆ ವಸಾಹತುಕಾಲದ ಜನಾಂಗಶಾಸ್ತ್ರವು ಇಲ್ಲಿಯೂ ಆಫ್ರಿಕಾವನ್ನು ಹುಡುಕಿತು. ದಕ್ಷಿಣದ ಬೆಟ್ಟಗುಡ್ಡಗಳ ಬೇಟೆಗಾರ, ಸಂಗ್ರಾಹಕ ಜನರ ಗುಂಗುರು ಕೂದಲು, ಕಪ್ಪು ಬಣ್ಣಗಳಲ್ಲಿ ನೀಗ್ರಿಟೊ ಅಂಶವಿದೆಯೆಂಬ ಊಹೆ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬಲವಾಗಿ ಚಾಲ್ತಿಯಲ್ಲಿತ್ತು. ಶಾಸ್ತ್ರ ಅದನ್ನು ಕೈಬಿಟ್ಟರೂ ಜನಪ್ರಿಯ ಬರಹ ಬಿಟ್ಟಿಲ್ಲ. ಜೇನುಕುರುಬರು ಆಫ್ರಿಕನ್ನರನ್ನು ಹೋಲುತ್ತಾರೆಂಬ ವಾಕ್ಯ ಪ್ರವಾಸಕಥನಗಳಲ್ಲಿ ಇಂದಿಗೂ ಎದುರಾಗುತ್ತದೆ. ಹೀಗೆ ಸಿದ್ದಿಯರು ನಿಜವಾದ ಆಫ್ರಿಕನ್ನರಾಗಿ, ಜೇನುಕುರುಬರು ಹೋಲಿಕೆಯ ಆಫ್ರಿಕನ್ನರಾಗಿ ಒಂದೇ ನೋಟದೊಳಗೆ ಸೇರುತ್ತಾರೆ.

ಹೆಗ್ಗಡದೇವನಕೋಟೆಯ ಪ್ರವಾಸಿ ಪರಂಪರೆಯೆಂದರೆ ಮೊದಲು ನೆನಪಾಗುವುದು ಖೆಡ್ಡಾ. 1870ರ ದಶಕದಲ್ಲಿ ಜಿ.ಪಿ. ಸ್ಯಾಂಡರ್ಸನ್ ಮೈಸೂರು ಸೀಮೆಯಲ್ಲಿ ಆರಂಭಿಸಿದ ಈ ಆನೆ ಹಿಡಿಯುವ ಪದ್ಧತಿ ಕಾಕನಕೋಟೆಯಲ್ಲಿ ರಾಜವೈಭವದ ಪ್ರದರ್ಶನವಾಗಿ ಬೆಳೆಯಿತು. 1889ರಲ್ಲಿ ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ಅವನಿಗಾಗಿ ಖೆಡ್ಡಾ ನಡೆಯಿತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯ ಹಿನ್ನೀರು ಕೆಲವೇ ವರ್ಷಗಳಲ್ಲಿ ಖೆಡ್ಡಾದ ಬಯಲನ್ನು ಮುಳುಗಿಸಿತು. ಇಂದು ಖೆಡ್ಡಾದ ಛಾಯಾಚಿತ್ರಗಳು ಕಾಡಂಚಿನ ವಸತಿಗೃಹಗಳ ಗೋಡೆಗಳನ್ನು ಅಲಂಕರಿಸಿವೆ. ಕಾರಾಪುರದಲ್ಲಿ ಅರಸರ ಬೇಟೆಯ ಬಂಗಲೆಯೇ 1980ರಲ್ಲಿ ಸ್ಥಾಪಿತವಾದ ಜಂಗಲ್ ಲಾಡ್ಜಸ್ ಸಂಸ್ಥೆಯ ಕೈಯಲ್ಲಿ ಪ್ರವಾಸಿ ವಸತಿಯಾಯಿತು. ಆ ಚಿತ್ರಗಳಲ್ಲಿ ಅರಸರಿಗೆ, ಅತಿಥಿಗಳಿಗೆ ಹೆಸರಿದೆ. ಆನೆಯ ಜಾಡು ಹಿಡಿದು ಹಿಂಡನ್ನು ನದಿಯ ಕಡೆಗೆ ತಿರುಗಿಸಿದ ಕುರುಬರು ಗುಂಪಾಗಿದ್ದಾರೆ. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಬಳಿ ಕಾಡಾನೆಯೊಡನೆ ಕಾದು ಸತ್ತ ಅಂಬಾರಿ ಆನೆ ಅರ್ಜುನನಿಗೆ ಸ್ಮಾರಕ ಬೇಕೆಂದು ನಾಡೆಲ್ಲ ಕೂಗೆದ್ದಿತು. ಅರ್ಜುನನನ್ನು ಹಿಡಿದದ್ದು 1968ರಲ್ಲಿ, ಇದೇ ಕಾಕನಕೋಟೆಯ ಕಾಡಿನಲ್ಲಿ. ಆನೆಗಾಗಿ ಕಣ್ಣೀರಿಟ್ಟದ್ದು ಸರಿಯೇ. ಹಿಡಿದವರ, ಪಳಗಿಸಿದವರ ಹೆಸರಿಗೆ ಅಂಥ ಕೂಗು ಎಂದೂ ಎದ್ದದ್ದಿಲ್ಲ.

ಕಾಕನಕೋಟೆಯ ಹೆಸರಿನ ಹಿಂದಿರುವ ಕುರುಬರ ನಾಯಕನನ್ನು ಕನ್ನಡ ಸಾಹಿತ್ಯ ಮರೆತಿಲ್ಲ. ಮಾಸ್ತಿಯವರ ನಾಟಕ, 1977ರಲ್ಲಿ ಸಿ.ಆರ್. ಸಿಂಹ ನಿರ್ದೇಶಿಸಿದ ಚಿತ್ರ, ಎರಡರ ಕೇಂದ್ರದಲ್ಲಿಯೂ ಕಾಕನೇ ಇದ್ದಾನೆ. ಆದರೆ ಚಿತ್ರ ಕಾಕನನ್ನು ನೆನೆದ ದಶಕದಲ್ಲಿಯೇ ಅವನ ಜನರ ಹಾಡಿಗಳು ಕಾಡಿನಿಂದ ಹೊರಬೀಳುತ್ತಿದ್ದವು. ನಾಗರಹೊಳೆಯಿಂದ 3,418 ಕುಟುಂಬಗಳು ನಿರ್ವಸಿತವಾದವೆಂದು ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ ರಚಿತವಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರ ವರದಿಯಲ್ಲಿ ತಿಳಿಸಿತು. ಇದರ ನಡುವೆ ಒಂದು ಪ್ರಸಂಗವನ್ನು ವಿಶೇಷವಾಗಿ ಗಮನಿಸಬೇಕು. 1990ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನದೊಳಗಿನ ಮುರ್ಕಲ್‌ನಲ್ಲಿ ಅರಣ್ಯ ಇಲಾಖೆಯ ಕಟ್ಟಡಗಳನ್ನು ಖಾಸಗಿ ಹೋಟೆಲ್ ಸಮೂಹವೊಂದಕ್ಕೆ ಗುತ್ತಿಗೆಗೆ ನೀಡಿ ವಿಲಾಸೀ ವಸತಿಗೃಹ ನಿರ್ಮಿಸಲು ಅವಕಾಶ ಕೊಡಲಾಯಿತು. ಆದಿವಾಸಿಗಳು ಬೀದಿಗಿಳಿದರು, ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ ನ್ಯಾಯಾಲಯಕ್ಕೆ ಹೋಯಿತು. 1997ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಗುತ್ತಿಗೆ ಅರಣ್ಯ ಸಂರಕ್ಷಣೆ, ವನ್ಯಜೀವಿ ಕಾಯಿದೆಗಳಿಗೆ ವಿರುದ್ಧವೆಂದು ತೀರ್ಪಿತ್ತಿತು. ದೇಶದ ಪರಿಸರ ಚಳವಳಿ ಇದನ್ನು ಗೆಲುವೆಂದು ಬರೆದುಕೊಂಡಿದೆ. ತೀರ್ಪಿನ ಆಧಾರ ಮಾತ್ರ ಆದಿವಾಸಿಗಳ ಹಕ್ಕಲ್ಲ, ಕಾಡಿನ ಕಾನೂನು. ಅದೇ ಕಾನೂನಿನ ನೆರಳಿನಲ್ಲಿ, ವಿಶ್ವಬ್ಯಾಂಕ್ ನೆರವಿನ ಪರಿಸರ ಅಭಿವೃದ್ಧಿ ಯೋಜನೆಯ ಕಾಲದಲ್ಲಿ, ಹುಣಸೂರು ತಾಲ್ಲೂಕಿನ ನಾಗಾಪುರಕ್ಕೆ ಹಾಡಿಗಳ ಸ್ಥಳಾಂತರ ನಡೆಯಿತು. ಹೋಟೆಲು ಹೋಯಿತು, ಹೋಟೆಲನ್ನು ಓಡಿಸಿದವರೂ ಹೋಗಬೇಕಾಯಿತು. ಸಫಾರಿ ಉಳಿಯಿತು. 2025ರ ನವೆಂಬರಿನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ನಂತರ ಸರ್ಕಾರ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನು ಸ್ಥಗಿತಗೊಳಿಸಿದಾಗ, ಕಾಡು ಯಾರಿಗಾಗಿ ಎಂಬ ಪ್ರಶ್ನೆಯನ್ನು ಈ ಬಾರಿ ಕಾಡಂಚಿನ ಒಕ್ಕಲಿಗರೂ ಕೇಳಿದರು.

ಬೈಲಕುಪ್ಪೆಯ ಪಾಠ

ಇದೇ ಸೀಮೆಯಲ್ಲಿ ಪ್ರವಾಸೋದ್ಯಮದೊಡನೆ ಬೇರೆ ಬಗೆಯ ಸಂಬಂಧವನ್ನು ಕಟ್ಟಿಕೊಂಡ ಡಯಾಸ್ಪೊರಾ ಒಂದಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960-61ರಲ್ಲಿ ಟಿಬೆಟಿನ ನಿರಾಶ್ರಿತರಿಗೆ ನೆಲೆ ದೊರೆಯಿತು. ಕಾಡು ಕಡಿದು ಜೋಳ ಬೆಳೆದ ಮೊದಲ ವರ್ಷಗಳ ಕಷ್ಟ ಸಣ್ಣದಲ್ಲ. 1963ರಲ್ಲಿ ಆರಂಭವಾದ ನಾಮ್‌ಡ್ರೋಲಿಂಗ್ ವಿಹಾರದ ಸ್ವರ್ಣಮಂದಿರಕ್ಕೆ ಈಗ ಕೊಡಗಿಗೆ ಹೋಗುವ ಪ್ರವಾಸಿಗರೆಲ್ಲ ಇಳಿದು ಹೋಗುತ್ತಾರೆ. ಅಲ್ಲಿ ಪ್ರವಾಸಿ ಅತಿಥಿ. ಎಷ್ಟು ನೋಡಬೇಕು, ಎಲ್ಲಿ ಚಪ್ಪಲಿ ಬಿಡಬೇಕು, ಯಾವ ಹೊತ್ತಿನಲ್ಲಿ ಸದ್ದು ಮಾಡಬಾರದು ಎಂಬುದನ್ನು ವಿಹಾರ ನಿರ್ಧರಿಸುತ್ತದೆ. ಗಡಿಪಾರಿನ ಕಥೆಯನ್ನು ಅವರೇ ಹೇಳುತ್ತಾರೆ. ಪೂಜೆಯನ್ನು ಹದಿನೈದು ನಿಮಿಷಕ್ಕೆ ಇಳಿಸಬೇಕೆಂದು ಯಾರೂ ಅವರನ್ನು ಕೇಳಿಲ್ಲ.

ಟಿಬೆಟನ್ನರ ಮೇಲೆ ಅಸೂಯೆಯಿಂದ ಹೇಳುವ ಮಾತಲ್ಲ ಇದು. ಅವರ ಪೌರತ್ವದ, ಭವಿಷ್ಯದ ಸಂಕಟಗಳು ಅವರಿಗಿವೆ. ಆದರೆ ಹೋಲಿಕೆ ಅನಿವಾರ್ಯ, ಏಕೆಂದರೆ ಉತ್ತರ ಕನ್ನಡದ ಮುಂಡಗೋಡ ತಾಲ್ಲೂಕಿನಲ್ಲಿ 1966ರಿಂದ ಟಿಬೆಟನ್ ವಸಾಹತಿದೆ, ಅದೇ ತಾಲ್ಲೂಕಿನಲ್ಲಿ ಸಿದ್ದಿಯರೂ ಇದ್ದಾರೆ. ಅರವತ್ತು ವರ್ಷಗಳ ಹಿಂದೆ ಬಂದವರ ಬಳಿ ಪರಂಪರೆಯ ಕಟ್ಟಡವಿದೆ, ಗುತ್ತಿಗೆಯ ಭೂಮಿಯಿದೆ. ಶತಮಾನಗಳ ಹಿಂದೆ ಬಂದವರಲ್ಲಿ ಬಹುಮಂದಿಗೆ ತಾವು ಉಳುವ ಅರಣ್ಯಭೂಮಿಯ ಪಟ್ಟಾ ದೊರೆತಿಲ್ಲ. ಈ ಜಿಲ್ಲೆಯ ಅಡಿಕೆ ಬೆಳೆಗಾರರಿಗೆ ಸೊಪ್ಪಿನ ಬೆಟ್ಟದ ಸವಲತ್ತು ವಸಾಹತುಕಾಲದಲ್ಲಿಯೇ ಲಭಿಸಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಬೆಟ್ಟದ ಸೊಪ್ಪನ್ನು ಹೊತ್ತು ತಂದ ಸಿದ್ದಿ ಕೂಲಿಕಾರನಿಗೆ ಅಂಥ ದಾಖಲೆ ಏನೂ ಇರಲಿಲ್ಲ. ವಸಾಹತುಶಾಹಿಯ ಪಳೆಯುಳಿಕೆಯನ್ನು ಹುಡುಕುವವರು ಕುಣಿತದಲ್ಲಿ ಹುಡುಕುವ ಬದಲು ಕಂದಾಯ ಪುಸ್ತಕದಲ್ಲಿ ಹುಡುಕಿದರೆ ಬೇಗ ಸಿಕ್ಕೀತು.

ಹಾಡು ಸಾಕ್ಷ್ಯವಾಗುವ ಬಗೆ

ಮೂಲದ ಕಥನವು ನೆಲೆಯ ಹಕ್ಕಿಗೆ ನೇರವಾಗಿ ಅಡ್ಡಬರುವುದು ಎಲ್ಲಿ ಎಂಬುದನ್ನು ಕಾನೂನಿನ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಯಾವ ಸಮುದಾಯ ಪರಿಶಿಷ್ಟ ಪಂಗಡ ಎಂದು ತೀರ್ಮಾನಿಸಲು 1965ರ ಲೋಕೂರ್ ಸಮಿತಿ ಹೇಳಿದ ಲಕ್ಷಣಗಳಲ್ಲಿ ಆದಿಮ ಗುಣ, ವಿಶಿಷ್ಟ ಸಂಸ್ಕೃತಿ, ಹೊರಗಿನವರ ಸಂಪರ್ಕಕ್ಕೆ ಸಂಕೋಚ ಇವೆಲ್ಲ ಇವೆ. ವೇದಿಕೆಯ ಮೇಲಿನ ಸೊಪ್ಪಿನ ಉಡುಗೆಗೂ ಈ ಪಟ್ಟಿಗೂ ಇರುವ ಹೋಲಿಕೆ ಆಕಸ್ಮಿಕವಲ್ಲ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಯರು ಸೇರಿದ್ದು 2020ರ ತಿದ್ದುಪಡಿಯಲ್ಲಿ. ಈ ಹದಿನೇಳು ವರ್ಷಗಳ ನಡುವೆ 2006ರ ಅರಣ್ಯ ಹಕ್ಕು ಕಾಯಿದೆ ಬಂದಿತು. ಅದರ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅರಣ್ಯಭೂಮಿಯಲ್ಲಿದ್ದರೆಂದು ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ರುಜುವಾತುಪಡಿಸಬೇಕು. 2020ರವರೆಗೆ ಯಲ್ಲಾಪುರದ ಸಿದ್ದಿಗೆ ಒಂದು ಅಳತೆಯಾದರೆ ಖಾನಾಪುರದ ಸಿದ್ದಿಗೆ ಇನ್ನೊಂದಾಗಿತ್ತು. ಹೊರಗಿನಿಂದ ಬಂದವರೆಂದು ಸದಾ ಪರಿಚಯಿಸಲ್ಪಡುವ ಜನ 75 ವರ್ಷಗಳ ಇಲ್ಲಿನ ಇರವನ್ನು ಸಾಬೀತುಪಡಿಸಬೇಕಾಗಿ ಬಂದಾಗ, ಉತ್ಸವದ ನಿರೂಪಕನ ವಾಕ್ಯ ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ.

ಇದೇ ಕಾಯಿದೆಯ 2008ರ ನಿಯಮಗಳಲ್ಲಿ ಜಾನಪದ ವಿದ್ವಾಂಸರು ಓದಲೇಬೇಕಾದ ಭಾಗವೊಂದಿದೆ. 13ನೆಯ ನಿಯಮವು ಹಕ್ಕಿಗೆ ಸಾಕ್ಷ್ಯವಾಗಿ ಸರ್ಕಾರಿ ದಾಖಲೆಗಳನ್ನಷ್ಟೇ ಕೇಳುವುದಿಲ್ಲ. ಬರಹಕ್ಕಿಳಿಸಿದ ಹಿರಿಯರ ಹೇಳಿಕೆ, ಸಮಾಧಿಸ್ಥಳ, ಪವಿತ್ರಸ್ಥಳ, ಬಾವಿಯಂಥ ಹಳೆಯ ರಚನೆಗಳು, ವಂಶಾವಳಿ ಇವನ್ನೂ ಅದು ಮಾನ್ಯ ಮಾಡುತ್ತದೆ. ಅಂದರೆ ನಾವು ಐವತ್ತು ವರ್ಷಗಳಿಂದ ಸಂಗ್ರಹಿಸುತ್ತ ಬಂದ ವಸ್ತುವೇ ಅಲ್ಲಿ ಸಾಕ್ಷ್ಯ. ಸಿದ್ದಿಯರ ಹಿರಿಯರ ಪೂಜೆ ಒಂದು ನಿರ್ದಿಷ್ಟ ಮನೆಯಲ್ಲಿ, ನಿರ್ದಿಷ್ಟ ಕಲ್ಲು ತೆಂಗಿನಕಾಯಿಗಳ ಮುಂದೆ, ತೀರಿಹೋದವರ ನೆನಪಿನಲ್ಲಿ ನಡೆಯುತ್ತದೆ. ಅದನ್ನು ಪೂರ್ವಜಾರಾಧನೆ ಎಂಬ ಸಾಮಾನ್ಯ ಶೀರ್ಷಿಕೆಯಡಿ ಬರೆದು, ಆಫ್ರಿಕಾದ ಪೂರ್ವಜಾರಾಧನೆಯೊಡನೆ ಹೋಲಿಸಿ ಲೇಖನ ಮುಗಿಸುವ ವಿದ್ವಾಂಸನ ಕೈಯಲ್ಲಿ ಹಿರಿಯರ ಹೆಸರುಗಳು ಬಿದ್ದುಹೋಗುತ್ತವೆ. ಬಿದ್ದುಹೋದ ಆ ಹೆಸರುಗಳೇ ವಂಶಾವಳಿ. ಜೇನುಕುರುಬರ ಹಾಡುಗಳ ಸಂಕಲನಗಳಲ್ಲಿ ಹಳ್ಳ, ದಿಣ್ಣೆ, ಮರ, ದೇವರ ಜಾಗಗಳ ಹೆಸರುಗಳನ್ನು ಪ್ರಾಸಕ್ಕಾಗಿ ಬಂದ ಪದಗಳೆಂದು ಅಡಿಟಿಪ್ಪಣಿ ಇಲ್ಲದೆ ಬಿಟ್ಟದ್ದನ್ನು ಯಾರೂ ಗಮನಿಸಬಹುದು. ಆ ಪಟ್ಟಿಯೊಂದು ನಕ್ಷೆ.

2025ರ ಮೇ 5ರಂದು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಯಲ್ಲಿ 52 ಜೇನುಕುರುಬ ಕುಟುಂಬಗಳು ದಶಕಗಳ ಹಿಂದೆ ತಾವು ಬಿಟ್ಟುಬಂದ ನೆಲಕ್ಕೆ ಮರಳಿ ಗುಡಿಸಲು ಹಾಕಿದವು. ತಮ್ಮ ಹಿರಿಯರ ಸಮಾಧಿಗಳೂ ದೇವರುಗಳೂ ಅಲ್ಲಿವೆ ಎಂಬುದು ಅವರು ಮುಂದಿಟ್ಟ ಆಧಾರಗಳಲ್ಲಿ ಮುಖ್ಯವಾದದ್ದು. ಅರಣ್ಯ ಇಲಾಖೆ ಅದನ್ನು ಒಪ್ಪಲಿಲ್ಲ. ಸಿದ್ದಿಯರಲ್ಲಿಯೂ ಜೇನುಕುರುಬರಲ್ಲಿಯೂ ಇಂಥ ಹೆಸರುಗಳನ್ನು ಬಾಯಲ್ಲಿಟ್ಟುಕೊಂಡಿರುವ ತಲೆಮಾರು ಈಗ ಎಪ್ಪತ್ತು ದಾಟಿದೆ. ಕ್ಷೇತ್ರಕಾರ್ಯಕ್ಕೆ ಹೋಗುವವರು ಕಲಾವಿದರ ಹೆಸರು, ಪ್ರಕಾರ, ಅವಧಿಗಳ ಜೊತೆಗೆ ಹಾಡಿನಲ್ಲಿ ಬರುವ ಪ್ರತಿಯೊಂದು ಸ್ಥಳದ ಹೆಸರನ್ನೂ ಪೂಜೆಯಲ್ಲಿ ನೆನೆಯುವ ಪ್ರತಿಯೊಬ್ಬ ಹಿರಿಯನ ಹೆಸರನ್ನೂ ದಿನಾಂಕ ಸಹಿತ ಬರೆದುಕೊಂಡು, ಅದರ ಒಂದು ಪ್ರತಿಯನ್ನು ಆಯಾ ಹಾಡಿ, ಕೇರಿಗಳ ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ಬರಬೇಕು.